ಗುಂಡಿ ತೋಡೋದೂ ಒಂದು ಓದಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಗ ಬಿ.ಎ. ಮುಗಿಸಿ ಎರಡು ವರ್ಷ ಆಯಿತು, ಕೆಲಸ ಇಲ್ಲ. ಈಗ ಕಾಡು ಬೆಳೆಸುವ ಶಿಬಿರಕ್ಕೆ ಆರು ತಿಂಗಳು ಹೋಗುತ್ತೇನೆ ಅನ್ನುತ್ತಿದ್ದಾನೆ. ಊಟ, ವಸತಿ, ಸ್ವಲ್ಪ ಸಂಬಳ ಇದೆಯಂತೆ. ಅಮೆರಿಕದ 'ಮರಗಳ ಸೇನೆ' ಬಗ್ಗೆ ನೀವು ಬರೆದದ್ದನ್ನು ಓದಿದ ಮೇಲಂತೂ ಹಟ ಜಾಸ್ತಿ ಆಗಿದೆ. ಅವನು ಗುದ್ದಲಿ ಹಿಡಿಯೋದು ಬೇಡ ಅಂತಲೇ ನಾನು ಇಷ್ಟು ವರ್ಷ ಹಿಡಿದದ್ದು. ಗುಂಡಿ ತೋಡೋದೂ ಒಂದು ಓದಾ, ಸಂಪಾದಕರೇ?"

ನಿಮ್ಮ ಪತ್ರ ಓದಿ ಸ್ವಲ್ಪ ಮುಜುಗರವೇ ಆಯಿತು. ಆ ಲೇಖನದಲ್ಲಿ ನಾವು ಗಿಡಗಳ ಲೆಕ್ಕವನ್ನೇ ದೊಡ್ಡದು ಮಾಡಿದ್ದೆವು. ಒಂಬತ್ತು ವರ್ಷದಲ್ಲಿ ಸುಮಾರು 300 ಕೋಟಿ! ನಿಮಗೆ ಬೇಕಾದದ್ದು ಗಿಡದ ಲೆಕ್ಕ ಅಲ್ಲ, ಹುಡುಗನದ್ದು. ಅದನ್ನು ಈಗ ಹೇಳುತ್ತೇನೆ.

1933ರಲ್ಲಿ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದವರಿಗೆ ಕಾಡಿನ ಕೆಲಸ ಕೊಡುವ ಕಾನೂನಿಗೆ ಅಧ್ಯಕ್ಷ ರೂಸ್‌ವೆಲ್ಟ್ ಮಾರ್ಚ್ ಕೊನೆಗೆ ಸಹಿ ಹಾಕಿದರು. ಏಪ್ರಿಲ್‌ನಲ್ಲೇ ವರ್ಜೀನಿಯಾದ ಕಾಡಿನಲ್ಲಿ ಮೊದಲ ಕ್ಯಾಂಪ್ ಎದ್ದಿತು. ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಹೆಸರು. ನಿಮ್ಮ ಮಗ ಓದಿದ 'ಮರಗಳ ಸೇನೆ' ಇದೇ. ಮೊದಲು ಸೇರಿಸಿಕೊಂಡದ್ದು 18ರಿಂದ 25ರೊಳಗಿನ, ಮದುವೆಯಾಗದ ಬಡ ಹುಡುಗರನ್ನು. ತಿಂಗಳಿಗೆ 30 ಡಾಲರ್. ಅದರಲ್ಲಿ 25 ಡಾಲರ್ ನೇರ ಮನೆಗೆ. ಹುಡುಗನ ಕೈಗೆ ಸಿಗುತ್ತಿದ್ದದ್ದು ಐದೇ. ಬಂದವರಲ್ಲಿ ಎಷ್ಟೋ ಜನ ಹೊಟ್ಟೆಗಿಲ್ಲದೆ ಸೊರಗಿದ್ದರು. ಮೂರು ಹೊತ್ತು ಊಟ ಸಿಕ್ಕಿದ್ದೇ ಮೈ ತುಂಬಿಕೊಂಡರು.

ಆದರೆ ಶುರುವಿನಲ್ಲಿ ಓದು ಅನ್ನೋದೇ ಇರಲಿಲ್ಲ. ಕ್ಯಾಂಪ್ ನಡೆಸುತ್ತಿದ್ದದ್ದು ಸೈನ್ಯ. ಮುಖ್ಯಸ್ಥ ರಾಬರ್ಟ್ ಫೆಕ್ನರ್‌ಗೂ ಕೆಲಸವೇ ಮೊದಲು. 1934ರಲ್ಲಿ ಸಂಜೆ ತರಗತಿಗಳು ಬಂದವು. ಕಡ್ಡಾಯವೇನಲ್ಲ. ದಿನವಿಡೀ ಕಲ್ಲು ಹೊತ್ತು, ರಾತ್ರಿ ಲಾಟೀನಿನ ಮುಂದೆ ಅಕ್ಷರ ತಿದ್ದೋದು ಅಂದರೆ ಸುಮ್ನೆ ಮಾತಲ್ಲ. ಆದರೂ ಓದು ಬರಹ ಬಾರದ 40 ಸಾವಿರಕ್ಕೂ ಹೆಚ್ಚು ಹುಡುಗರು ಅಲ್ಲಿ ಅಕ್ಷರ ಕಲಿತರು. ಉಳಿದವರು ಟೈಪಿಂಗ್, ಮೋಟಾರ್ ರಿಪೇರಿ, ಸರ್ವೆ ಅಂತ ಏನೇನೋ ಹಿಡಿದರು.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. ಪ್ರತಿ ಕ್ಯಾಂಪಿಗೂ ಆಯಾ ಊರಿನ ಅನುಭವಸ್ಥರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಮರ ಕಡಿಯೋರು, ಕಲ್ಲುಕುಟಿಗರು, ಬಡಗಿಗಳು. ಪೇಟೆಯ ಹುಡುಗನಿಗೆ ಕೊಡಲಿ ಹಿಡಿಯೋದನ್ನು ಕಲಿಸುತ್ತಿದ್ದವರು ಅವರೇ. ಕೊಲರಾಡೊದಲ್ಲಿ ಕೆಂಪು ಬಂಡೆಗಳ ನಡುವೆ ಈ ಹುಡುಗರು ಕಟ್ಟಿದ ಬಯಲು ರಂಗಮಂದಿರ ಇದೆ. ಇವತ್ತಿಗೂ ಅಲ್ಲಿ ಸಂಗೀತ ಕಚೇರಿ ನಡೆಯುತ್ತದೆ.

ಹುಳುಕೂ ಇತ್ತು. ಕಪ್ಪು ಹುಡುಗರಿಗೆ ಬಹುತೇಕ ಕಡೆ ಬೇರೆಯೇ ಕ್ಯಾಂಪ್. ಹುಡುಗಿಯರಿಗೆ ಇದರಲ್ಲಿ ಜಾಗವೇ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಅಂತ ಇದೇ ಹುಡುಗರ ಕೈಯಲ್ಲಿ ಕುಡ್ಜು ಅನ್ನೋ ಬಳ್ಳಿ ನೆಡಿಸಿದರು. ಏಷ್ಯಾದಿಂದ ಬಂದ ಬಳ್ಳಿ ಅದು. ಆಮೇಲೆ ಮರ, ಮನೆ ಎಲ್ಲಾ ಮುಚ್ಚಿಕೊಂಡು ಹಬ್ಬಿತು. ಬಂಡೀಪುರದ ಕಾಡಲ್ಲಿ ಹೀಗೇ ಹಬ್ಬಿದ ಲಂಟಾನ ಪೊದೆ ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ? ಅದೇ ಲಂಟಾನ ಕಡಿದು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜು ಮಾಡುತ್ತಾರೆ. ಕಾಡಿಗೂ ಒಳ್ಳೇದು, ಕೈಗೂ ಒಂದು ಕಸುಬು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬರೀ ಗುಂಡಿ ತೋಡೋದು ಓದಲ್ಲ, ಕೂಲಿ. ಶಿಬಿರದವರನ್ನು ಕೇಳಿ: ಸಂಜೆ ಏನು ಕಲಿಸುತ್ತೀರಿ? ಯಾವ ಗಿಡ, ಯಾಕೆ ಆ ಗಿಡ ಅಂತ ಹುಡುಗರಿಗೆ ಹೇಳುತ್ತೀರಾ? ಕಲಿಸೋರು ಯಾರು? ನೆಟ್ಟಗೆ ಉತ್ತರ ಬರದಿದ್ದರೆ ಕಳಿಸಬೇಡಿ. ಬಂದರೆ ತಡೆಯಬೇಡಿ.

ಕಳಿಸೋದೇ ಆದರೆ, ಗುದ್ದಲಿ ಹಿಡಿಯೋದನ್ನು ಒಂದು ವಾರ ನೀವೇ ಕಲಿಸಿ. ಅಂಗೈಯಲ್ಲಿ ಮೊದಲ ಬೊಬ್ಬೆ ಮನೆಯಲ್ಲೇ ಏಳಲಿ.

— ಸಂ.