ಹರ್-2 ‘ಎರಡು ಪ್ಲಸ್’ ಬಂದರೆ ಫಿಶ್ ಟೆಸ್ಟ್ ಬೇಕೇ?

ಪ್ರಶ್ನೆ: ನನ್ನ ಅಕ್ಕನಿಗೆ 48 ವರ್ಷ. ಸ್ತನದ ಗಡ್ಡೆಯ ಬಯಾಪ್ಸಿ ಮಾಡಿಸಿದೆವು, ಕ್ಯಾನ್ಸರ್ ಎಂದು ಬಂತು. ರಿಪೋರ್ಟಿನಲ್ಲಿ ‘ಹರ್-2: 2+’ ಎಂದಿದೆ. ಈಗ ಫಿಶ್ ಟೆಸ್ಟ್ ಮಾಡಿಸಿ ಅನ್ನುತ್ತಿದ್ದಾರೆ. ಮತ್ತೆ ದುಡ್ಡು, ಮತ್ತೆ ಕಾಯಬೇಕು. ಅದನ್ನು ಬಿಟ್ಟು ನೇರವಾಗಿ ಹರ್-2 ಇಂಜೆಕ್ಷನ್ ಶುರು ಮಾಡಬಾರದೇ ಮೇಡಂ? ಅಕ್ಕನ ಹೆಣ್ಣುಮಕ್ಕಳಿಗೂ ಇದು ಬರುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಟೆಸ್ಟ್ ಬಿಡಬೇಡಿ. ನಾನು ಪೆಥಾಲಜಿಸ್ಟ್. 2+ ಎಂದು ಬರೆಯುವಾಗ ನಮಗೆ ಏನು ಕಾಣುತ್ತದೆ ಅಂತ ಹೇಳಿದರೆ ಕಾರಣ ನಿಮಗೇ ತಿಳಿಯುತ್ತದೆ.

ಹರ್-2 ಪ್ರೋಟೀನು ಆರೋಗ್ಯವಂತರ ಸ್ತನದ ಜೀವಕೋಶಗಳ ಹೊರಪೊರೆಯಲ್ಲೂ ಸ್ವಲ್ಪ ಇರುತ್ತದೆ. ನೂರು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 15ರಿಂದ 20ರಲ್ಲಿ ಅದರ ಜೀನ್‌ನ ಪ್ರತಿಗಳು ಹೆಚ್ಚಿ, ಪ್ರೋಟೀನು ವಿಪರೀತವಾಗಿ, ಗಡ್ಡೆ ಬೇಗ ಬೆಳೆಯುತ್ತದೆ. ಬಣ್ಣ ಹಾಕಿ ನೋಡಿದಾಗ 3+ ಆಗಿದ್ದರೆ ಕೋಶಗಳ ಸುತ್ತಲೂ ದಟ್ಟ ಕಂದು ಗೆರೆ, ಕೋಳಿಗೂಡಿನ ತಂತಿಬಲೆ ಹಾಸಿದ ಹಾಗೆ. ಅಲ್ಲಿ ಅನುಮಾನವೇ ಇಲ್ಲ. 2+ನಲ್ಲಿ ಗೆರೆ ಇರುತ್ತದೆ, ಆದರೆ ಮಸುಕು. ಎಷ್ಟು ಹೊತ್ತು ನೋಡಿದರೂ ಹೌದು, ಅಲ್ಲ ಅನ್ನಲು ಬರುವುದಿಲ್ಲ.

ಫಿಶ್‌ನಲ್ಲಿ ಜೀನ್‌ಗಳನ್ನೇ ಎಣಿಸುತ್ತೇವೆ. ಕಪ್ಪು ಹಿನ್ನೆಲೆಯಲ್ಲಿ ಹರ್-2 ಸಾಮಾನ್ಯವಾಗಿ ಕೆಂಪು ಚುಕ್ಕೆ, ಆ ಜೀನ್ ಕೂತಿರುವ 17ನೇ ಕ್ರೋಮೋಸೋಮಿನ ಗುರುತು ಹಸಿರು ಚುಕ್ಕೆ. ಕೆಂಪು ಹಸಿರಿನ ಎರಡು ಪಟ್ಟಾದರೂ ಇದ್ದು, ಕೋಶಕ್ಕೆ ಸರಾಸರಿ ನಾಲ್ಕಾದರೂ ಸಿಕ್ಕರೆ ಪಾಸಿಟಿವ್. ಇದಕ್ಕೆ ಅಕ್ಕನಿಗೆ ಮತ್ತೆ ಸೂಜಿ ಚುಚ್ಚಬೇಕಿಲ್ಲ, ಸಾಮಾನ್ಯವಾಗಿ ಬಯಾಪ್ಸಿಯ ತುಣುಕನ್ನು ಕೂರಿಸಿಟ್ಟ ಮೇಣದ ಬ್ಲಾಕೇ ಸಾಕು. ಬ್ಲಾಕನ್ನು ನೀವೇ ಒಯ್ಯುವುದಾದರೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗೀತು.

ಇನ್ನು ಇಂಜೆಕ್ಷನ್, ಅಂದರೆ ಟ್ರಾಸ್ಟುಜುಮ್ಯಾಬ್. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಔಷಧ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ, ಅದರಂತೆಯೇ ಕೆಲಸ ಮಾಡುವ ಔಷಧ ತಂದಿತು. ಹರ್-2 ಪಾಸಿಟಿವ್ ಆದವರಿಗೆ ಇದು ಜೀವ ಉಳಿಸುವ ಔಷಧ, ಅದನ್ನು ತಪ್ಪಿಸಲೇಬಾರದು. ನೆಗೆಟಿವ್ ಆದವರಿಗೆ ಮಾತ್ರ ಇದರಿಂದ ಲಾಭವಿಲ್ಲ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಕೊಡುತ್ತಾರೆ. ಹೃದಯದ ಶಕ್ತಿ ಕುಗ್ಗಬಹುದೆಂದು ನಡುನಡುವೆ ಎಕೋ ಮಾಡಿಸಬೇಕಾಗುತ್ತದೆ. ಅಷ್ಟು ಖರ್ಚು, ಅಷ್ಟು ಓಡಾಟ ಅಂದಾಜಿನ ಮೇಲೆ ಬೇಡ. ಅದರ ಮುಂದೆ ಫಿಶ್‌ನ ಖರ್ಚು ದೊಡ್ಡದಲ್ಲ.

ಮಕ್ಕಳ ವಿಷಯ: ಹರ್-2 ಹೆಚ್ಚಾಗುವುದು ಆ ಗಡ್ಡೆಯೊಳಗೆ ಮಾತ್ರ, ತಾಯಿಯಿಂದ ಮಕ್ಕಳಿಗೆ ದಾಟುವುದಿಲ್ಲ. ವಂಶದಲ್ಲಿ ಹರಿಯುವುದು ಬಿಆರ್‌ಸಿಎ ಜೀನ್‌ಗಳ ದೋಷದಂಥವು. ಅದರ ಪರೀಕ್ಷೆಯೇ ಬೇರೆ. ಅಕ್ಕನಿಗೆ 50ರೊಳಗೇ ಕಾಯಿಲೆ ಬಂದಿರುವುದರಿಂದ ಅದು ಬೇಕೇ ಎಂದು ಆಂಕಾಲಜಿಸ್ಟರನ್ನು ಕೇಳಿ. ಮನೆಯಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ, ತಂದೆಯ ಕಡೆಯವರನ್ನು ಮರೆಯದೆ.