ತೆಂಗಿನಕಾಯಿ ಉರುಳಿದರೆ ಮತ್ತೊಮ್ಮೆ

"ಸಂಪಾದಕರಿಗೆ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯ ಒಬ್ಬ ಹೈಸ್ಕೂಲ್ ಅಧ್ಯಾಪಕ. ಮಗನಿಗೆ 19. ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಗಿಲ್ಲ, ಸೆಕೆಂಡ್ ಹ್ಯಾಂಡ್ ಪೋಲೋ ಜಿಟಿ ತೆಗೆದುಕೊಡಿ ಎಂದು ಹಟ ಹಿಡಿದಿದ್ದಾನೆ. ಅದು ರಾಕೆಟಿನ ಹಾಗೆ ಓಡುತ್ತದಂತೆ. ಸಿಡ್ನಿಯಲ್ಲಿರುವ ಅಣ್ಣನ ಮಗಳು ಹೇಳುತ್ತಾಳೆ, ಅಲ್ಲಿ ಹೊಸಬರ ಕೈಗೆ ಪವರ್ ಜಾಸ್ತಿ ಇರುವ ಕಾರು ಕೊಡುವುದೇ ಇಲ್ಲವಂತೆ. ನಮ್ಮಲ್ಲೂ 25 ವರ್ಷದವರೆಗೆ ಇಂಥ ಕಾರುಗಳನ್ನು ನಿಷೇಧಿಸಬೇಕು ಎಂದು ನೀವು ಒಮ್ಮೆ ಗಟ್ಟಿಯಾಗಿ ಬರೆಯಬಾರದೇ?"
– ಹೆಸರು ಬೇಡ ಎಂದಿರುವ ಓದುಗರು

ಮಾಷ್ಟ್ರೇ,

ನಿಮ್ಮ ಕಾಗದ ಓದಿದವನೇ ಕ್ಯಾಲ್ಕುಲೇಟರ್ ಹುಡುಕಿದೆ. ನಿಮ್ಮ ಅಣ್ಣನ ಮಗಳು ಹೇಳಿದ್ದು ಸರಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಸಬರು ಕಾರಿಗೆ 'ಪಿ' ಎಂಬ ಪ್ಲೇಟು ಹಾಕಿಕೊಂಡು ಓಡಿಸಬೇಕು. ಮೊದಲು ಕೆಂಪು, ಆಮೇಲೆ ಹಸಿರು. ಆ ಪ್ಲೇಟು ಇರುವಷ್ಟು ಕಾಲ, ಒಂದು ಟನ್ ತೂಕಕ್ಕೆ 130 ಕಿಲೋವ್ಯಾಟ್‌ಗಿಂತ ಜಾಸ್ತಿ ಪವರ್ ಇರುವ ಕಾರು ಮುಟ್ಟುವ ಹಾಗಿಲ್ಲ. ವಿಕ್ಟೋರಿಯಾದಲ್ಲೂ ಕ್ವೀನ್ಸ್‌ಲ್ಯಾಂಡಿನಲ್ಲೂ ಅದೇ ಲೆಕ್ಕ. ಈಗ ನಿಮ್ಮ ಮಗ ಕೇಳುವ ಪೋಲೋ ನೋಡೋಣ. 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 1.2 ಲೀಟರ್ ಎಂಜಿನ್, 105 ಅಶ್ವಶಕ್ತಿ. ಅಂದರೆ 77 ಕಿಲೋವ್ಯಾಟ್. ತೂಕ ಒಂದು ಟನ್ ಚಿಲ್ಲರೆ. ಭಾಗಿಸಿದರೆ 70ರ ಆಸುಪಾಸು. ನೀವು ಯಾವ ಕಾನೂನನ್ನು ಇಲ್ಲಿಗೆ ತರಿಸಬೇಕು ಅನ್ನುತ್ತೀರೋ ಅದೇ ಕಾನೂನು ನಿಮ್ಮ ಮಗನಿಗೆ "ಹೋಗಿ ಬಾ ಮಗಾ" ಅನ್ನುತ್ತದೆ!

ನಿಮ್ಮ ಹೆದರಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. 40ರಲ್ಲಿ ಹೋಗುವ ಕಾರು 80ಕ್ಕೆ ಏರಿದರೆ ಪೆಟ್ಟಿನ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 2024ರಲ್ಲಿ ಪುಣೆಯಲ್ಲಿ ಇಬ್ಬರ ಜೀವ ಹೋದ ಪೋರ್ಷೆ ಪ್ರಕರಣ, ಕಾರು ಓಡಿಸಿದ ಹುಡುಗನಿಗೆ ಜಾಮೀನು ಕೊಡುವಾಗ ಮೊದಲು ಬರೆಯಲು ಹೇಳಿದ 300 ಪದಗಳ ಪ್ರಬಂಧ, ಯಾರಿಗೆ ಮರೆತಿದೆ? ಆದರೆ ಅವನಿಗೆ 18 ಆಗಿರಲಿಲ್ಲ. ಕಾನೂನು ಅವನನ್ನು ಮೊದಲೇ ತಡೆದಿತ್ತು. ಮನೆಯವರು ತಡೆಯಲಿಲ್ಲ.

ಆ 130ರ ಲೆಕ್ಕದಲ್ಲಿ ನನಗೆ ಇನ್ನೊಂದು ತಕರಾರಿದೆ. ಕಾರು ಹಗುರವಾದಷ್ಟೂ ಅದು ಅಪರಾಧಿ. 200 ಕಿಲೋವ್ಯಾಟಿನ ಎರಡೂವರೆ ಟನ್ ಎಸ್‌ಯುವಿ ಟನ್ನಿಗೆ 80 ಎಂದು ಪಾಸಾಗಿಬಿಡುತ್ತದೆ. ಅರ್ಧ ತೂಕದ, ಬ್ರೇಕ್ ಒತ್ತಿದಲ್ಲಿ ನಿಲ್ಲುವ ಪುಟ್ಟ ಕಾರಿಗೆ ಅಷ್ಟೇ ಪವರ್ ಇದ್ದರೆ ಫೇಲು. ಸೈಕಲಿನಲ್ಲಿ ಹೋಗುವವನಿಗೆ ಇವೆರಡರಲ್ಲಿ ಯಾವುದು ಬಂದು ಗುದ್ದಿದರೆ ವಾಸಿ, ನೀವೇ ಹೇಳಿ.

ಸಿಡ್ನಿಯ ಕಥೆಯಲ್ಲಿ ಮುಖ್ಯವಾದದ್ದನ್ನು ನಿಮ್ಮ ಅಣ್ಣನ ಮಗಳು ಹೇಳಿಲ್ಲ. ಅಥವಾ ಹೇಳಿದ್ದರೂ ನಿಮ್ಮ ಕಿವಿಗೆ ನಿಷೇಧ ಮಾತ್ರ ಬಿತ್ತು. ಅಲ್ಲಿ 25ರ ಒಳಗಿನವರು ಪರೀಕ್ಷೆಗೆ ಮೊದಲು 120 ಗಂಟೆ ಗಾಡಿ ಓಡಿಸಿ, ಪುಸ್ತಕದಲ್ಲಿ ಬರೆದಿಡಬೇಕು. ಅದರಲ್ಲಿ 20 ಗಂಟೆ ರಾತ್ರಿಯದ್ದು. ಪಕ್ಕದಲ್ಲಿ ಲೈಸೆನ್ಸ್ ಇರುವ ಹಿರಿಯರು ಕೂತಿರಬೇಕು. ಕೆಂಪು ಪ್ಲೇಟಿನ ಕಾಲದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ 21ರ ಒಳಗಿನ ಒಬ್ಬನಿಗಿಂತ ಹೆಚ್ಚು ಜನರನ್ನು ಹತ್ತಿಸುವ ಹಾಗಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಫ್ರೆಂಡ್ಸ್ ಕೂತು "ಒತ್ತು ಮಾರಾಯಾ" ಅಂದರೆ ಆಲ್ಟೋ ಕೂಡ ರಾಕೆಟ್ಟೇ ಅಲ್ವಾ? ಸೌತ್ ಆಸ್ಟ್ರೇಲಿಯಾದವರು 2024ರ ಡಿಸೆಂಬರಿನಿಂದ ತೀರಾ ಬಲದ ಸೂಪರ್ ಕಾರುಗಳಿಗೆ ಬೇರೆ ಲೈಸೆನ್ಸನ್ನೇ ಮಾಡಿದ್ದಾರೆ. ಅದು ಎಲ್ಲ ವಯಸ್ಸಿನವರಿಗೂ. ಅದಕ್ಕೂ ಒಂದು ಪಾಠ ಓದಿ ಬರಬೇಕು.

ನಮ್ಮಲ್ಲಿ? ಲೈಸೆನ್ಸ್ ಪರೀಕ್ಷೆಗೆ ಮೈದಾನದಲ್ಲಿ ಕಂಬ ನೆಟ್ಟು, ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾರು ಹಿಂದೆ ಮುಂದೆ ಓಡಿಸಿ 'ಎಚ್' ಹಾಕಿಸುತ್ತಾರೆ. ರಸ್ತೆಯಲ್ಲೂ ಒಂದು ಸುತ್ತು ಓಡಿಸಿ ನೋಡುತ್ತಾರೆ, ಸರಿ. ಆದರೆ ಹುಡುಗರಿಗೆ ನೆನಪಿರುವುದು ಎಚ್ ಒಂದೇ. ಯಾವ ಕಂಬ ಕನ್ನಡಿಯಲ್ಲಿ ಕಂಡಾಗ ಸ್ಟೀರಿಂಗ್ ಎಷ್ಟು ತಿರುಗಿಸಬೇಕು ಎಂದು ಬಾಯಿಪಾಠ. ಎಚ್ ಬಂತು, ಲೈಸೆನ್ಸ್ ಬಂತು. ಮರುದಿನ ಅವನು ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ಹೈವೇಗೆ ಇಳಿಯಬಹುದು. ಆ ಲೈಸೆನ್ಸಿನಲ್ಲಿ 7,500 ಕಿಲೋ ತೂಕದವರೆಗಿನ ಗಾಡಿ ಓಡಿಸಬಹುದು. ಹಳೆಯ ಮಾರುತಿ 800 ಆದರೂ ಅದೇ, ಐನೂರು ಅಶ್ವಶಕ್ತಿಯದ್ದಾದರೂ ಅದೇ.

ನಮ್ಮ ಕಲಿಕೆಯ ಮಟ್ಟ ಏನು ಎಂದು ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ದುಬಾಯಿಗೆ ಹೋದವರನ್ನು ಕೇಳಿದರೆ ಸಾಕು. ಇಲ್ಲಿ ಹತ್ತು ವರ್ಷ ಜೀಪು ಓಡಿಸಿದ ಗಟ್ಟಿ ಡ್ರೈವರು ಅಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಸೇರುತ್ತಾನೆ. ಒಮ್ಮೆ ಫೇಲು, ಎರಡು ಸಲ ಫೇಲು. ಕೊನೆಗೊಂದು ದಿನ "ಲೈಸೆನ್ಸ್ ಸಿಕ್ಕಿತು" ಎಂದು ಫೋನ್ ಬಂದರೆ ಇಲ್ಲಿ ಮನೆಯಲ್ಲಿ ಪಾಯಸ. ನಮ್ಮ ಪಕ್ಕದ ಮನೆಯಲ್ಲಿ ಹಾಗೇ ಆಯಿತು, ನಾನೂ ಎರಡು ಗ್ಲಾಸ್ ಕುಡಿದೆ.

ನಾನು ಕಲಿತದ್ದು ಸೋದರಮಾವನಿಂದ, ಸೀತಾಂಗೋಳಿ ಕಡೆಯ ಒಂದು ಪದವಿನಲ್ಲಿ, ಅಂದರೆ ಕಲ್ಲು ನೆಲದ ಬಯಲಿನಲ್ಲಿ. ಅವರ ಮಾರುತಿ 800. ಮಾವ ಸುಲಿದ ತೆಂಗಿನಕಾಯಿ ಎರಡನ್ನು ಹಿಂದಿನ ಸೀಟಿನ ಕೆಳಗೆ ಬಿಡುತ್ತಿದ್ದರು. ಮಾತಿಲ್ಲ. ತಿರುವಿನಲ್ಲಿ ನಾನು ಅವಸರ ಮಾಡಿದರೆ ಕಾಯಿ ಉರುಳಿ ಬಾಗಿಲಿಗೆ ಡಬ್ ಅಂತ ಬಡಿಯುತ್ತಿತ್ತು. ಬ್ರೇಕ್ ಜೋರಾಗಿ ಒತ್ತಿದರೆ ಮುಂದೆ ಬಂದು ನನ್ನ ಸೀಟಿನ ಬುಡಕ್ಕೆ. ಮಾವ "ಮತ್ತೊಮ್ಮೆ" ಅನ್ನುತ್ತಿದ್ದರು, ಅಷ್ಟೇ. ಮೂರು ವಾರ ಬೇಕಾಯಿತು ಆ ಕಾಯಿ ಸುಮ್ಮನಿರಲು. ಇಷ್ಟೆಲ್ಲ ಕಲಿತ ಮಹಾಶಯ ನಾನು ಲೈಸೆನ್ಸ್ ಸಿಕ್ಕಿದ ಮೊದಲ ಮಳೆಗಾಲದಲ್ಲೇ ಕುಂಬಳೆ ರಸ್ತೆಯ ಒಂದು ಇಳಿಜಾರಿನಲ್ಲಿ ಜಾರಿ ಚರಂಡಿಗೆ ಇಳಿದೆ. ಜೊತೆಗೆ ಇಬ್ಬರು ಗೆಳೆಯರು, ಹಿಂದೆ ತೆಂಗಿನಕಾಯಿ ಇಲ್ಲ. 40 ಅಶ್ವಶಕ್ತಿಯೂ ಇಲ್ಲದ ಕಾರು ಅದು. ನಿಮ್ಮ ನಿಷೇಧದ ಪಟ್ಟಿಯಲ್ಲಿ ಅದಕ್ಕೆ ಕೊನೆಯ ಸಾಲಿನಲ್ಲೂ ಜಾಗ ಸಿಗದು.

ಪಕ್ಕದಲ್ಲಿ ಕೂರುವವರ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿರಬೇಕಾಗಿತ್ತು. ಕಾಸರಗೋಡಿನ ಮೂಸಾ ಶರೀಫ್ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದದ್ದು ಸ್ಟೀರಿಂಗ್ ಹಿಡಿದಲ್ಲ. ಗೌರವ್ ಗಿಲ್ ಅವರ ಪಕ್ಕದಲ್ಲಿ ಕೂತು, ಮುಂದಿನ ತಿರುವು ಎಷ್ಟು ಬಿಗಿ, ಎಲ್ಲಿ ಉಬ್ಬು ಎಂದು ಓದಿ ಹೇಳಿ. ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿದೆ? ಕೇಳಿ ನೋಡಿ, ಮುಂದಿನ ಕಾಗದದಲ್ಲಿ ಬರೆಯಿರಿ.

ಅಗ್ಗದ ಸ್ಪೋರ್ಟ್ಸ್ ಕಾರು ಎಂದರೆ ನಮ್ಮವರಿಗೆ ಮೂಗು ಮುರಿಯುವ ಚಾಳಿ. ಆದರೆ ಕಲಿಯುವವರಿಗೆ ಬೇಕಾದದ್ದು ಅದೇ. ಹಗುರ, ಕೆಳಗೆ ಕೂತ, ರಸ್ತೆಯ ಸುದ್ದಿಯನ್ನು ಕೈಗೆ ತಲುಪಿಸುವ ಕಾರು. ಕೊಯಂಬತ್ತೂರಿನ ಕರಿವರ್ಧನ್ ಇದನ್ನು ಯಾವತ್ತೋ ಅರಿತಿದ್ದರು. ಮಾರುತಿ 800ರ ಎಂಜಿನ್ ಕೂರಿಸಿ ಒಂದೇ ಸೀಟಿನ ರೇಸ್ ಕಾರು ಕಟ್ಟಿದರು, ಫಾರ್ಮುಲಾ ಮಾರುತಿ. 796 ಸಿಸಿ, ಅಷ್ಟೇ. 2005ರಲ್ಲಿ ಫಾರ್ಮುಲಾ ವನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸ್ ಶುರು ಮಾಡಿದ್ದು ಅಂಥ ಕಾರಿನಲ್ಲೇ. ನಮ್ಮ ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್ ಫೈಬರ್ ಮೈಯ ಪುಟ್ಟ ಕಾರು, ನೋಡಿದರೆ ನಗು ಬರುತ್ತಿತ್ತು, ರ‍್ಯಾಲಿಗಳಲ್ಲಿ ದೊಡ್ಡವರ ಬೆವರಿಳಿಸಿತ್ತು. 1998ರಲ್ಲಿ ಸ್ಯಾನ್ ಸ್ಟಾರ್ಮ್ ಬಂತು. ಎರಡು ಸೀಟು, ಬಟ್ಟೆಯ ಮಾಡು, 60 ಅಶ್ವಶಕ್ತಿ. ಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ಬಲೆನೊ ಆರ್‌ಎಸ್ 2017ರಲ್ಲಿ ಬಂದು ಮೂರೇ ವರ್ಷದಲ್ಲಿ ಹೋಯಿತು. ಪೋಲೋ ಕೂಡ 2022ಕ್ಕೆ ನಿಂತಿತು.

ತೆರಿಗೆ ಬೇರೆ. ನಾಲ್ಕು ಮೀಟರ್ ಉದ್ದ ಮತ್ತು 1,200 ಸಿಸಿ ಪೆಟ್ರೋಲ್ ಎಂಜಿನ್ ಒಳಗಿದ್ದರೆ ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಶೇಕಡ 18 ಜಿಎಸ್‌ಟಿ. ಒಂದು ಸಿಸಿ ದಾಟಿದರೂ ಶೇಕಡ 40. ಅಂಗೈಯಗಲದ ಕಾರಿಗೆ 1.6 ಲೀಟರ್ ಎಂಜಿನ್ ಹಾಕುವ ಆಸೆ ಯಾವ ಕಂಪನಿಗೆ ಬಂದೀತು? ಹಾಗಾಗಿ ನಮ್ಮ ಹುಡುಗರಿಗೆ ಉಳಿದದ್ದು ಎರಡೇ ದಾರಿ. ದುಡ್ಡಿದ್ದ ಮನೆಯವನಿಗೆ ಮಾಡಿನಷ್ಟು ಎತ್ತರದ ಎಸ್‌ಯುವಿ. ಇಲ್ಲದವನಿಗೆ 200 ಸಿಸಿ ಬೈಕು. ಬೈಕಿನ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ, ಗಮನಿಸಿದ್ದೀರಾ? ನಮ್ಮೂರಿನ ಮಕ್ಕಳು ಜಾಸ್ತಿ ಬೀಳುವುದು ಅದರಿಂದ. ಸಂಜೆ ಏಳು ದಾಟಿದರೆ ಒಳ ಊರಿಗೆ ಬಸ್ಸಿಲ್ಲ, ಟ್ಯೂಷನ್ನಿಗೆ ಹೋದವನು ಮನೆಗೆ ಬರುವುದು ಹೇಗೆ? ಬಸ್ಸು ಕೇಳಿ ಯಾರಾದರೂ ಕಾಗದ ಬರೆಯುತ್ತಾರಾ ನೋಡುತ್ತೇನೆ. ಇಲ್ಲ. ಮೊಬೈಲ್ ನಿಷೇಧಿಸಿ, ಬೈಕ್ ನಿಷೇಧಿಸಿ, ಗದ್ದೆಯಲ್ಲಿ ಕ್ರಿಕೆಟ್ ನಿಷೇಧಿಸಿ. ವಾರಕ್ಕೆ ಮೂರು ಕಾಗದ ಇಂಥದ್ದೇ. ನೀವು ಇಪ್ಪತ್ತು ವರ್ಷ ಕಲಿಸಿದವರು, ನೀವೂ ಆ ಸಾಲಿಗೆ ಸೇರಿದಿರಲ್ಲ, ಅದೇ ಬೇಜಾರು.

ಕಲಿಸಲು ಜಾಗವಾದರೂ ಎಲ್ಲಿದೆ ಅನ್ನುತ್ತೀರಿ, ಅದು ಸರಿ. ಮಾವ ಕಾಯಿ ಉರುಳಿಸಿದ ಪದವಿನ ಅರ್ಧ ಈಗ ಮುರಕಲ್ಲಿನ ಕೋರೆ, ಆಳಕ್ಕೆ ಹಸಿರು ನೀರು. ಉಳಿದರ್ಧಕ್ಕೆ ಬೇಲಿ. ಪೈವಳಿಕೆ ಕಡೆಯ ಪದವಿನಲ್ಲಿ ಸೋಲಾರ್ ಹಲಗೆಗಳು ಸಾಲಾಗಿ ಮಲಗಿವೆ. ಕರೆಂಟು ಬೇಕು, ಕಲ್ಲೂ ಬೇಕು, ಒಪ್ಪಿದೆ. ಪಂಚಾಯತಿಗೊಂದು ಮೈದಾನ ಉಳಿಸಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಕಲಿಯುವವರಿಗೆ ಬಿಟ್ಟುಕೊಡಿ ಎಂದು ಯಾರನ್ನು ಕೇಳುವುದು?

ಮಗನಿಗೆ ಪೋಲೋ ಕೊಡಿಸುತ್ತೀರೋ ಬಿಡುತ್ತೀರೋ ನಿಮ್ಮ ಮನೆಯ ವಿಷಯ. ಕೊಡಿಸುವುದಾದರೆ ಮೊದಲ ಮಳೆಗಾಲ ಪೂರ್ತಿ ಪಕ್ಕದಲ್ಲಿ ನೀವು ಕೂತುಕೊಳ್ಳಿ, ಗೆಳೆಯರು ಬೇಡ. ಟಯರು ಹೊಸದು ಹಾಕಿಸಿ, ಸೆಕೆಂಡ್ ಹ್ಯಾಂಡ್ ಗಾಡಿಯ ಟಯರು ನಂಬಬೇಡಿ. ಕಾಯಿ ಎರಡು ಸಾಕು, ಪೂರ್ತಿ ಸುಲಿದದ್ದೇ ಇರಲಿ. ಸಿಪ್ಪೆ ಇದ್ದರೆ ಉರುಳುವುದಿಲ್ಲ.