ಈಸ್ಟ್ ಎಲ್.ಎ.ಯ ಚಿಕಾನೋ ರಾಕ್ ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತಿದ್ದೇನೆ. ಸಾಫ್ಟ್‌ವೇರ್ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲೇ?

ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ಓದಿ ನಾನು ಮುಂದೆ ಹೋಗಲೇ ಇಲ್ಲ. "ಹೊಸ ಹಾಡಿನ ಶುರುವಿನ ಬೇಸ್ ಲೈನ್ ನನ್ನದೇ, ಆದರೆ ನಮ್ಮಲ್ಲಿ ಅದೆಲ್ಲ ಲೆಕ್ಕ ಇಟ್ಟಿಲ್ಲ, ಅಣ್ಣತಮ್ಮಂದಿರ ಹಾಗಿದ್ದೇವೆ" ಅಂತ ಬರೆದಿದ್ದೀರಲ್ಲ, ಆ ಸಾಲು. ಕೆಲಸ ಬಿಡುವ ಮಾತು ಆಮೇಲೆ. ನಾನು ಮುಳುಗಿದ್ದು ಆ ಸಾಲಿನಲ್ಲೇ.

ಲಾಸ್ ಏಂಜಲೀಸಿನ ಪೂರ್ವ ಬದಿಯ ಬಾಯ್ಲ್ ಹೈಟ್ಸ್, ಮಾಂಟೆಬೆಲ್ಲೋ, ಪಿಕೋ ರಿವೆರಾ ಕಡೆ ಆರು ಜನರ ಒಂದು ಬ್ಯಾಂಡ್‌ನಲ್ಲಿ ಒಂಬತ್ತು ವರ್ಷ ಬೇಸ್ ನುಡಿಸಿದೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು, ಅಂದರೆ ಚಿಕಾನೋಗಳು, ಐವರು; ಕನ್ನಡದವನು ನಾನೊಬ್ಬ. 2008ರಲ್ಲಿ ಗ್ಯಾರೇಜಿನಲ್ಲಿ ಒಂದು ಹಾಡು ಕಟ್ಟಿದೆವು. ಮೊದಲ ಎಂಟು ಬಾರ್ (ತಾಳದ ಆವರ್ತ) ಬರೀ ಬೇಸ್, ಅದು ನನ್ನದು. ಚರಣ ಮುಗಿದು ಪಲ್ಲವಿಗೆ ಮರಳುವ ಮೊದಲಿನ ನಾಲ್ಕು ಕಾರ್ಡ್‌ಗಳೂ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು) ನನ್ನವು. ಸಾಹಿತ್ಯ ಮತ್ತು ಮೇಲಿನ ರಾಗ ನಮ್ಮ ಹಾಡುಗಾರನದು. 2009ರ ಮಾರ್ಚ್‌ನಲ್ಲಿ ಸಿ.ಡಿ. ಸಾವಿರ ಪ್ರತಿ ಬಂತು. ಕವರಿನ ಹಿಂಬದಿಯಲ್ಲಿ "ಬೇಸ್" ಅನ್ನುವುದರ ಎದುರು ನನ್ನ ಹೆಸರು. ಅದರ ಕೆಳಗೆ, ಎಲ್ಲ ಹಾಡುಗಳ ಸಾಹಿತ್ಯ ಮತ್ತು ಸಂಗೀತ ಎಂದು ಹಾಡುಗಾರನೊಬ್ಬನ ಹೆಸರು. ಕಣ್ಣಾರೆ ನೋಡಿದೆ. ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿಕೊಂಡು ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿದೆ.

ಈ ಸುಮ್ಮನಿದ್ದದ್ದು ಯಾಕೆ ಅಷ್ಟು ದುಬಾರಿಯಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಬ್ಯಾಂಡ್‌ನಲ್ಲಿರುವ ಹತ್ತರಲ್ಲಿ ಒಂಬತ್ತು ಮಂದಿಗೆ ಇದು ಗೊತ್ತಿರುವುದಿಲ್ಲ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಒಂದು ಕೃತಿ, ಅಂದರೆ ಸಾಹಿತ್ಯ ಮತ್ತು ಸಂಗೀತ. ಇನ್ನೊಂದು ಧ್ವನಿಮುದ್ರಣ. ಟಿ.ವಿ. ಸರಣಿಯವರು ಹಾಡು ಬಳಸಬೇಕಾದರೆ ಎರಡಕ್ಕೂ ಬೇರೆ ಬೇರೆ ಪರವಾನಗಿ ಬೇಕು, ದುಡ್ಡೂ ಬೇರೆ ಬೇರೆ. 2014ರಲ್ಲಿ ನಮ್ಮ ಹಾಡಿಗೆ ಅಂಥದ್ದು ಬಂತು. ಅವರು ಬಳಸಿಕೊಂಡದ್ದು ಹಾಡನ್ನಲ್ಲ, ಮೊದಲ ಎಂಟು ಬಾರ್‌ಗಳನ್ನು! ಕೃತಿಯ ಹಣ ಕವರಿನಲ್ಲಿ ಹೆಸರಿದ್ದವನಿಗೆ ಹೋಯಿತು, ಮುದ್ರಣದ ಹಣ ಸ್ಟುಡಿಯೋ ಬಿಲ್ ಕಟ್ಟಿದ್ದ ಪುಟ್ಟ ಕಂಪನಿಗೆ. ವಕೀಲರ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಸಿ.ಡಿ. ನಿಮ್ಮ ಕೈಗೆ ಬಂದದ್ದು ಯಾವಾಗ?

ಅಮೆರಿಕದ ಕಾನೂನಿನಲ್ಲಿ "ಈ ಕೃತಿಯಲ್ಲಿ ನನಗೂ ಪಾಲಿದೆ" ಎಂಬ ದಾವೆಗೆ ಮೂರು ವರ್ಷದ ಗಡುವು. ನಿಮ್ಮ ಪಾಲನ್ನು ಸ್ಪಷ್ಟವಾಗಿ ನಿರಾಕರಿಸಿದ್ದಾರೆ ಎಂದು ನಿಮಗೆ ತಿಳಿದ ದಿನದಿಂದ ಎಣಿಕೆ ಶುರು. ಹಾಡಿನಿಂದ ದುಡ್ಡು ಬಂದ ದಿನದಿಂದ ಅಲ್ಲ. ನನ್ನ ಗಡಿಯಾರ 2009ರ ಮಾರ್ಚ್‌ನಲ್ಲೇ ಓಡಲು ಶುರುವಾಗಿ 2012ರಲ್ಲಿ ನಿಂತಿತ್ತು. ಗಡುವಿನೊಳಗೆ ಹೋಗಿದ್ದರೂ ಸಲೀಸಾಗಿರಲಿಲ್ಲ. ಇಬ್ಬರು ಸೇರಿ ಮಾಡಿದ ಕೃತಿ ಎಂದು ರುಜುವಾತಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಸಮಪಾಲು. ಆದರೆ ಕ್ಯಾಲಿಫೋರ್ನಿಯಾ ಸೇರುವ ಮೇಲ್ಮನವಿ ನ್ಯಾಯಾಲಯದ ವ್ಯಾಪ್ತಿಯಲ್ಲಿ "ನಾನೂ ಒಂದು ಭಾಗ ಕೊಟ್ಟೆ" ಅಂದರೆ ಸಾಲದು. ಇಬ್ಬರೂ ಕರ್ತೃಗಳೆಂದು ಪರಸ್ಪರ ಒಪ್ಪಿದ್ದಕ್ಕೆ ಗುರುತು ಬೇಕು, ಕೃತಿಯ ಮೇಲೆ ನಿಮಗೂ ಹಿಡಿತವಿತ್ತು ಅನ್ನುವುದು ಕಾಣಬೇಕು. ಒಂದು ಹಾಳೆಯಲ್ಲಿ ಐದು ನಿಮಿಷ ಖರ್ಚು ಮಾಡಿದ್ದರೆ ಆ ಗುರುತು ಇರುತ್ತಿತ್ತು.

ಈಗ ನೀವು ಕೂಡಿಕೊಂಡಿರುವ ಪರಂಪರೆಯನ್ನೇ ನೋಡಿ. ಅಮೆರಿಕದ ಎ.ಎಂ., ಎಫ್.ಎಂ. ರೇಡಿಯೋ ಒಂದು ಹಾಡು ಹಾಕಿದರೆ ಬರೆದವರಿಗೂ ಪ್ರಕಾಶಕರಿಗೂ (ಕೃತಿಯ ಹಕ್ಕು ನೋಡಿಕೊಳ್ಳುವ ಕಂಪನಿ) ಹಣ ಬರುತ್ತದೆ. ಹಾಡಿದವರಿಗೆ, ನುಡಿಸಿದವರಿಗೆ ಬಿಡಿಗಾಸೂ ಇಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಚಿಕಾನೋ ಬ್ಯಾಂಡ್‌ಗಳ ದೊಡ್ಡ ಹಿಟ್‌ಗಳ ಪಟ್ಟಿ ತೆಗೆಯಿರಿ, ಹೊಟ್ಟೆ ಉರಿಯುತ್ತದೆ. ಎಲ್ ಚಿಕಾನೋಗೆ 1970ರಲ್ಲಿ ಹೆಸರು ತಂದ "ವೀವಾ ತಿರಾದೋ" ಜಾಜ್ ಸಂಗೀತಗಾರ ಜೆರಾಲ್ಡ್ ವಿಲ್ಸನ್ ಅವರ ರಚನೆ. ತಿಯೆರಾ ತಂಡದ "ಟುಗೆದರ್" ಫಿಲಡೆಲ್ಫಿಯಾದ ಗ್ಯಾಂಬಲ್ ಮತ್ತು ಹಫ್ ಬರೆದದ್ದು. ಸ್ಯಾಂಟಾನಾ ಬ್ಯಾಂಡ್‌ನ "ಓಯೆ ಕೋಮೋ ವಾ" ಟೀಟೋ ಪುಯೆಂತೆಯದು, "ಬ್ಲ್ಯಾಕ್ ಮ್ಯಾಜಿಕ್ ವುಮನ್" ಪೀಟರ್ ಗ್ರೀನ್ ಅವರದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಫ್ರಾಂಕಿ ಗಾರ್ಸಿಯಾ. ಈಸ್ಟ್ ಎಲ್.ಎ.ಯ ಕ್ಯಾನಿಬಲ್ ಅಂಡ್ ದ ಹೆಡ್‌ಹಂಟರ್ಸ್ ತಂಡದ ಗಾಯಕ. ನ್ಯೂ ಆರ್ಲಿಯನ್ಸ್‌ನ ಕ್ರಿಸ್ ಕೆನ್ನರ್ ಅವರ "ಲ್ಯಾಂಡ್ ಆಫ್ ಎ ಥೌಸಂಡ್ ಡಾನ್ಸಸ್" ಹಾಡುವಾಗ ಸಾಲು ಮರೆತು "ನಾ ನಾ ನಾ ನಾ ನಾ" ಎಂದು ಎಳೆದರು. 1965ರಲ್ಲಿ ಆ ತುಣುಕಿದ್ದ ಅವರ ರೆಕಾರ್ಡ್ ಅಮೆರಿಕದ ಪಟ್ಟಿಯಲ್ಲಿ 30ನೇ ಸ್ಥಾನಕ್ಕೆ ಏರಿತು, ಆ ವರ್ಷ ಬೀಟಲ್ಸ್ ಪ್ರವಾಸದಲ್ಲಿ ಅವರಿಗಿಂತ ಮೊದಲು ಹಾಡುವ ಅವಕಾಶವೂ ಬಂತು. ಮರುವರ್ಷ ವಿಲ್ಸನ್ ಪಿಕೆಟ್ ಅದೇ "ನಾ ನಾ ನಾ" ಇಟ್ಟುಕೊಂಡು ಹಾಡಿ 6ನೇ ಸ್ಥಾನ ಮುಟ್ಟಿದರು. ಇವತ್ತಿಗೂ ಜನ ಗುನುಗುವುದು ಆ ತುಣುಕನ್ನೇ. ಆದರೆ ಕೃತಿಕಾರರ ಜಾಗದಲ್ಲಿರುವುದು ಕೆನ್ನರ್ ಮತ್ತು ಫ್ಯಾಟ್ಸ್ ಡಾಮಿನೋ ಹೆಸರುಗಳು, ಗಾರ್ಸಿಯಾ ಹೆಸರಿಲ್ಲ.

ಈಸ್ಟ್ ಎಲ್.ಎ.ಯದೇ ಬ್ಯಾಂಡ್ ಲಾಸ್ ಲೋಬೋಸ್ ಕಥೆಯಲ್ಲಿ ಎರಡೂ ಬದಿಗಳಿವೆ. ಅವರು ಹಾಡಿದ "ಲಾ ಬಾಂಬಾ" 1987ರಲ್ಲಿ ಮೂರು ವಾರ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಅದು ಮೂಲದಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಕಡೆಯ ಸೋನ್ ಹರೋಚೋ ಶೈಲಿಯ ಜನಪದ ಹಾಡು, ಅಳವಡಿಸಿದವರೆಂದು ಇರುವ ಹೆಸರು ಗಾಯಕ ರಿಚೀ ವ್ಯಾಲೆನ್ಸ್ ಅವರದು. ಹಾಗಾಗಿ ಲೋಬೋಸ್‌ನ ಅತಿ ದೊಡ್ಡ ಹಿಟ್ ರೇಡಿಯೋದಲ್ಲಿ ಎಷ್ಟು ಸಲ ಬಂದರೂ ಕೃತಿಕಾರರ ಪಾಲು ಬ್ಯಾಂಡ್‌ನದಲ್ಲ. ಅದೇ 1984ರ "ವಿಲ್ ದ ವುಲ್ಫ್ ಸರ್ವೈವ್" ಬರೆದವರು ಡೇವಿಡ್ ಹಿಡಾಲ್ಗೋ ಮತ್ತು ಲೂಯಿ ಪೆರೆಸ್. 1986ರಲ್ಲಿ ಕಂಟ್ರಿ ಗಾಯಕ ವೇಲನ್ ಜೆನಿಂಗ್ಸ್ ಅದನ್ನು ಹಾಡಿದರು, ಕಂಟ್ರಿ ಪಟ್ಟಿಯಲ್ಲಿ 5ಕ್ಕೆ ಏರಿತು. ಯಾವ ಊರಿನ ಯಾವ ಕಂಟ್ರಿ ಸ್ಟೇಷನ್ ಹಾಕಿದರೂ ಕೃತಿಕಾರರ ಪಾಲು ಈಸ್ಟ್ ಎಲ್.ಎ.ಯ ಈ ಇಬ್ಬರದು. ಇಲ್ಲಿ ಗಮನಿಸಿ, ಪೆರೆಸ್ ಆಗ ಬ್ಯಾಂಡ್‌ನ ಡ್ರಮ್ಮರ್. ಡ್ರಮ್ಸ್ ಹಿಂದೆ ಕೂತವನ ಹೆಸರು ಹಾಡಿನ ಮೇಲೆ ಬಂದದ್ದು ಅವರು ಬರೆದಿದ್ದರಿಂದ, ಮತ್ತು ಬರೆದದ್ದನ್ನು ಕಾಗದದಲ್ಲಿ ದಾಖಲಿಸಿದ್ದರಿಂದ.

ಆದ್ದರಿಂದ "ಕೆಲಸವೋ ಬ್ಯಾಂಡೋ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಸಂಗೀತದಲ್ಲಿ ಅಂಥ ಗೋಡೆ ಮೊದಲಿನಿಂದಲೂ ಇರಲಿಲ್ಲ. ಲಾಸ್ ಲೋಬೋಸ್ 1973ರಲ್ಲಿ ಶುರುವಾಗಿ ಹತ್ತು ವರ್ಷ ಮದುವೆ, ರೆಸ್ಟೋರೆಂಟ್ ಅಂತ ನುಡಿಸಿದ ಮೇಲೆ ಸ್ಲ್ಯಾಶ್ ಕಂಪನಿಯ ರೆಕಾರ್ಡ್ ಬಂತು. ಪಂಕ್ ಗಾಯಕಿ ಆಲಿಸ್ ಬ್ಯಾಗ್ ವರ್ಷಗಟ್ಟಲೆ ಶಾಲೆಯಲ್ಲಿ ಪಾಠ ಮಾಡಿದರು. ಕೆತ್ಸಾಲ್ ತಂಡದ ಮಾರ್ಥಾ ಗೊನ್ಸಾಲೆಸ್ ಸ್ಕ್ರಿಪ್ಸ್ ಕಾಲೇಜಿನ ಪ್ರಾಧ್ಯಾಪಕಿ, ತಂಡಕ್ಕೆ ಗ್ರ್ಯಾಮಿ ಬಂದಿದೆ, ಅವರಿಗೆ 2022ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಸಿಕ್ಕಿದೆ. ನೀವು ಕೆಲಸ ಬಿಡಬೇಡಿ. ವಾರಾಂತ್ಯದ ಒಂದು ಮದುವೆಗೆ ನಮಗೆ 1,200 ಡಾಲರ್ ಸಿಗುತ್ತಿತ್ತು. ಸೌಂಡಿಗೂ ವ್ಯಾನಿಗೂ 200 ಕಳೆದು ಆರು ಪಾಲು ಮಾಡಿದರೆ ತಲಾ 166. ಇದರಲ್ಲಿ ಲಾಸ್ ಏಂಜಲೀಸ್ ಬಾಡಿಗೆ ಕಟ್ಟಲು ಆಗುವುದಿಲ್ಲ. (ನಿಮಗೆ ಗ್ರೀನ್ ಕಾರ್ಡ್ ಇದೆ ಅಂದಿರಿ, ಹಾಗಾಗಿ ಸರಿ. ಎಚ್-1ಬಿ ಮೇಲಿರುವವರು ಇದನ್ನು ಓದುತ್ತಿದ್ದರೆ, ಕಾಸು ತೆಗೆದುಕೊಂಡು ನುಡಿಸುವಂತಿಲ್ಲ ಅನ್ನುವುದು ನೆನಪಿರಲಿ.)

ಕೆಲಸ ಬಿಡುವ ಬದಲು ಬಿಡುವಿನಲ್ಲಿ ಗಿಟಾರೋನ್ ಕಲಿಯಿರಿ, ಅದು ದೊಡ್ಡ ಹೊಟ್ಟೆಯ ಮೆಕ್ಸಿಕನ್ ಬೇಸ್ ಗಿಟಾರ್. ಲೋಬೋಸ್‌ನ ಕಾನ್ರಾಡ್ ಲೋಸಾನೋ ಎಲೆಕ್ಟ್ರಿಕ್ ಬೇಸ್ ಜೊತೆ ಅದನ್ನೂ ನುಡಿಸುವವರು. ಅದಿದ್ದರೆ ಆಂಪ್ಲಿಫೈಯರ್ ಇಲ್ಲದ ಕಡೆಯೂ ನಿಮ್ಮನ್ನು ಕರೆಯುತ್ತಾರೆ. ಆರು ತಂತಿ, ಕುತ್ತಿಗೆಯ ಮೇಲೆ ಮೆಟ್ಟಿಲೇ (ಫ್ರೆಟ್) ಇಲ್ಲ, ಮೊದಲ ದಪ್ಪ ತಂತಿಯಿಂದ ಎಣಿಸಿದರೆ ಶ್ರುತಿ ಎ, ಡಿ, ಜಿ, ಸಿ, ಇ, ಎ. ಕೊನೆಯ ಎ ಪಕ್ಕದ ಇ ತಂತಿಗಿಂತ ಕೆಳಗಿನ ಸ್ವರ, ಎಲೆಕ್ಟ್ರಿಕ್ ಬೇಸಿನಿಂದ ಬಂದವರು ಎಡವುವುದು ಇಲ್ಲೇ. ಆ ತಂತಿ ಮೊದಲ ಎ ತಂತಿಗೆ ಸರಿಯಾಗಿ ಒಂದು ಸ್ಥಾಯಿ ಮೇಲಿದೆ. ಹೆಬ್ಬೆರಳು ಒಂದನ್ನು, ಬೆರಳು ಇನ್ನೊಂದನ್ನು ಒಟ್ಟಿಗೆ ಎಳೆದರೆ ಎರಡು ಸ್ಥಾಯಿಯ ಒಂದೇ ಸ್ವರ ಅಂಗಳ ತುಂಬುತ್ತದೆ. ಮೀಟಿದರೆ ಸಾಲದು, ಎಳೆಯಲೇಬೇಕು. ಮೊದಲ ತಿಂಗಳು ಬೆರಳಿಗೆ ಗುಳ್ಳೆ ಬರುತ್ತದೆ, ದಿನಕ್ಕೆ ಇಪ್ಪತ್ತು ನಿಮಿಷ ಮೀರಬೇಡಿ. ಮೈಕ್ ಹಾಕಿದಾಗ ಮಾನಿಟರ್ ಸ್ಪೀಕರ್ ವಾದ್ಯದ ಹೊಟ್ಟೆಯ ಎದುರಿಗಿದ್ದರೆ ಗುಂಯ್ ಎಂದು ಕೂಗುತ್ತದೆ, ಅದನ್ನು ಪಕ್ಕಕ್ಕೆ ತಿರುಗಿಸಿ.

ಇನ್ನು ಕಾಗದ. ಇದಕ್ಕೆ ಇಲ್ಲಿ ಸ್ಪ್ಲಿಟ್ ಶೀಟ್ ಅನ್ನುತ್ತಾರೆ. ಹಾಡಿನ ಹೆಸರು, ತಾರೀಕು, ಬರೆದ ಪ್ರತಿಯೊಬ್ಬರ ಅಧಿಕೃತ ಹೆಸರು, ಶೇಕಡಾ ಪಾಲು, ಅವರು ಸೇರಿರುವ ಸಂಸ್ಥೆ (ಕೃತಿಕಾರರ ಪರವಾಗಿ ಹಣ ವಸೂಲು ಮಾಡುವ ಆಸ್ಕ್ಯಾಪ್ ಅಥವಾ ಬಿ.ಎಂ.ಐ.), ಐ.ಪಿ.ಐ. ಸಂಖ್ಯೆ (ಕೃತಿಕಾರರ ಗುರುತಿನ ಸಂಖ್ಯೆ), ಪ್ರಕಾಶಕರು, ಸಹಿ. ಒಟ್ಟು ಸರಿಯಾಗಿ 100 ಆಗಬೇಕು. ಮೂವರಿಗೆ 33 ಅಂತ ಬರೆದು ಒಂದು ಉಳಿಸಿದರೆ ನೋಂದಣಿಯಲ್ಲಿ ತಕರಾರು. ನಮ್ಮವರಿಗೆ ಇನ್ನೊಂದು ಪೇಚು ಹೆಸರಿನದು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆ ಹೆಸರು ಎಲ್ಲ ಸೇರಿರುತ್ತದೆ, ಬ್ಯಾಂಡ್‌ನಲ್ಲಿ ಕರೆಯುವುದು ಬೇರೆ. ಎಲ್ಲ ಕಡೆ ಒಂದೇ ಹೆಸರು, ಅದೇ ಐ.ಪಿ.ಐ. ಸಂಖ್ಯೆ ಇರಲಿ, ಇಲ್ಲದಿದ್ದರೆ ಹಣ ಇಬ್ಬರು ಬೇರೆ ಬೇರೆ ಮನುಷ್ಯರ ಖಾತೆಗೆ ಹಂಚಿಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಆಮೇಲೆ ಕೃತಿಯನ್ನು ನಿಮ್ಮ ಸಂಸ್ಥೆಯಲ್ಲಿ ನೋಂದಾಯಿಸಿ, ಪ್ರಕಾಶಕರಿಲ್ಲದಿದ್ದರೆ ಅವರಿಗೆ ಹೋಗುವ ಅರ್ಧವನ್ನೂ ನಿಮ್ಮ ಹೆಸರಿಗೇ ಪಡೆಯಿರಿ. ಸ್ಟ್ರೀಮಿಂಗ್‌ನಲ್ಲಿ ಕೃತಿಗೆ ಬರುವ ಮೆಕ್ಯಾನಿಕಲ್ ಹಣ (ಕೃತಿಯ ಪ್ರತಿ ಮಾಡಿದ್ದಕ್ಕೆ ಕೊಡುವ ಪಾಲು) 2021ರಿಂದ ದ ಎಂ.ಎಲ್.ಸಿ. ಎಂಬ ಸಂಸ್ಥೆಯ ಮೂಲಕ ಬರುತ್ತದೆ, ಅಲ್ಲಿ ಪ್ರತ್ಯೇಕ ನೋಂದಣಿ. ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೋ ನುಡಿಸಿದವರಿಗೂ ಕೊಡುತ್ತದೆ, ಅದು ಸೌಂಡ್‌ಎಕ್ಸ್‌ಚೇಂಜ್ ಮೂಲಕ: ಮುದ್ರಣದ ಒಡೆಯರಿಗೆ 50, ಮುಖ್ಯ ಕಲಾವಿದರಿಗೆ 45, ಉಳಿದ ವಾದ್ಯಗಾರರು ಮತ್ತು ಹಿನ್ನೆಲೆ ಗಾಯಕರ ನಿಧಿಗೆ 5 ಶೇಕಡಾ. ನೀವು ಬ್ಯಾಂಡ್‌ನ ಸದಸ್ಯರಾಗಿ 45ರಲ್ಲಿ ಇದ್ದೀರೋ, ಕೂಲಿಗೆ ಬಂದ ವಾದ್ಯಗಾರರಾಗಿ 5ರಲ್ಲಿ ಇದ್ದೀರೋ, ಅದನ್ನೂ ಈಗಲೇ ಬರೆಸಿಕೊಳ್ಳಿ. ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ಅರ್ಜಿಗೆ ಸಾಮಾನ್ಯವಾಗಿ 65 ಡಾಲರ್. ಹಾಡು ಹೊರಬಂದ ಮೂರು ತಿಂಗಳೊಳಗೆ ಸಲ್ಲಿಸಿದರೆ ಮುಂದೆ ಯಾರಾದರೂ ಕದ್ದಾಗ ಕಾನೂನು ನಿಗದಿ ಮಾಡಿದ ಪರಿಹಾರ ಕೇಳುವ ಹಕ್ಕು ಉಳಿಯುತ್ತದೆ.

ನಿಮ್ಮ ಹಾಡು ಇನ್ನೂ ಹೊರಬಂದಿಲ್ಲ ಅಂದಿರಿ. ಶನಿವಾರ ರಿಹರ್ಸಲ್‌ಗೆ ಹೋಗುವಾಗ ಖಾಲಿ ಸ್ಪ್ಲಿಟ್ ಶೀಟ್ ಐದು ಪ್ರತಿ ಒಯ್ಯಿರಿ. ನುಡಿಸುವ ಮೊದಲು ತೆಗೆಯಿರಿ, ಮುಗಿದ ಮೇಲೆ ಎಲ್ಲರೂ ತಂತಿ ಸುತ್ತಿಕೊಂಡು ಹೊರಡುವ ಅವಸರದಲ್ಲಿರುತ್ತಾರೆ. "ಬೇಸ್ ಲೈನ್ ನನ್ನದು, ಅದಕ್ಕೆ ಎಷ್ಟು ಅಂತ ಬರೆಯೋಣ?" ಅಂತ ನೇರವಾಗಿ ಕೇಳಿ. 15 ಅಂದರೂ, 20 ಅಂದರೂ ಜಗಳಕ್ಕೆ ಹೋಗಬೇಡಿ, ಸಹಿ ಹಾಕಿಸಿಕೊಂಡು ಅಲ್ಲೇ ಫೋನಿನಲ್ಲಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿ. ಯಾರಾದರೂ ಸಹಿಗೆ ಹಿಂಜರಿದರೆ ಆ ಹಾಡಿನ ರೆಕಾರ್ಡಿಂಗ್‌ಗೆ ಹೋಗಬೇಡಿ.